ಕಾರಿನೊಡನೆ ಮೊಬೈಲ್ ಜೋಡಣೆ: ಉದ್ದಿಮೆದಾರರು ಗಮನಿಸಬೇಕಾದ ಅಂಶಗಳು

ಎರಡು ವರ್ಷಗಳ ಹಿಂದೆ ನಮ್ಮ ಕಚೇರಿಯ ಉಪಯೋಗಕ್ಕೆಂದು ನಾಲ್ಕು ವರ್ಷ ಓಡಿದ್ದ ಕಾರೊಂದನ್ನು ಖರೀದಿಸಿದೆವು. ಕಾಗದಪತ್ರಗಳಲ್ಲಿ ಲೋಪ ಹುಡುಕುವುದು ಲೆಕ್ಕಪರಿಶೋಧಕನ ಹುಟ್ಟುಗುಣವಾದುದರಿಂದ ನೋಂದಣಿ ಪತ್ರ, ವಿಮೆ, ಸಾಲ ತೀರಿದ ಬಗ್ಗೆ ಬ್ಯಾಂಕಿನ ನಿರಾಕ್ಷೇಪಣಾ ಪತ್ರ, ತೆರಿಗೆ ಬಿಲ್ಲು ಎಲ್ಲವನ್ನೂ ಒಂದೊಂದಾಗಿ ಪರಿಶೀಲಿಸಿದೆ. ಯಾವುದರಲ್ಲಿಯೂ ಕೊರತೆ ಕಾಣಲಿಲ್ಲ. ಆದರೆ ನನ್ನ ಮೊಬೈಲನ್ನು ಕಾರಿಗೆ ಜೋಡಿಸಲು ಹೋದಾಗ, ಈ ಹಿಂದೆ ಜೋಡಣೆಯಾಗಿದ್ದ ಐದು ಮೊಬೈಲುಗಳ ಹೆಸರುಗಳು ಪರದೆಯ ಮೇಲೆ ಮೂಡಿದವು. ಅವುಗಳಲ್ಲೊಂದು ಹಿಂದಿನ ಮಾಲೀಕರ ಪೂರ್ಣ ಹೆಸರಿನಲ್ಲಿಯೇ ಇತ್ತು. ದಾರಿ ತೋರಿಸುವ ನಕ್ಷೆಯನ್ನು ತೆರೆದರೆ ಅವರ ಮನೆ, ಗೋದಾಮು, ಒಂದು ಆಸ್ಪತ್ರೆ ಹಾಗೂ ಬೇರೆ ಊರುಗಳ ಮೂರು ನಾಲ್ಕು ಕಾರ್ಖಾನೆಗಳ ವಿಳಾಸಗಳು ಸಾಲಾಗಿ ನಿಂತಿದ್ದವು.

ಹಿಂದಿನ ಮಾಲೀಕರು ವರ್ತಕರು. ಅವರು ಸರಕನ್ನು ಎಲ್ಲಿಂದ ತರಿಸುತ್ತಾರೆಂಬುದನ್ನು ಊಹಿಸಲು ಆ ವಿಳಾಸಗಳಿಷ್ಟೇ ಸಾಕಾಗಿದ್ದವು. ನಾನು ಅವರಿಗೆ ದೂರವಾಣಿ ಮಾಡಿ ವಿಷಯ ತಿಳಿಸಿ, ಅವರ ಸಮ್ಮತಿ ಪಡೆದು ಎಲ್ಲವನ್ನೂ ಅಳಿಸಿದೆ. ಆ ಕಾರು ನಮ್ಮ ಕಚೇರಿಗೆ ಬರುವ ಬದಲು ಅವರದೇ ವ್ಯಾಪಾರದಲ್ಲಿರುವ ಮತ್ತೊಬ್ಬರ ಕೈ ಸೇರಿದ್ದರೆ ಏನಾಗುತ್ತಿತ್ತೆಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಇಂದು ಮಾರಾಟವಾಗುತ್ತಿರುವ ಬಹುತೇಕ ಕಾರುಗಳಲ್ಲಿ ಮೊಬೈಲನ್ನು ಜೋಡಿಸುವ ಸೌಲಭ್ಯವಿದೆ. ಪ್ರತಿ ಹೊಸ ಮಾದರಿಯೊಡನೆಯೂ, ಅಷ್ಟೇ ಏಕೆ, ಪ್ರತಿ ತಂತ್ರಾಂಶ ಪರಿಷ್ಕರಣೆಯೊಡನೆಯೂ ಅದಕ್ಕೆ ಹೊಸ ಹೊಸ ಸಾಮರ್ಥ್ಯಗಳು ಸೇರುತ್ತಿವೆ. ಮಾರಾಟಗಾರರು ಅವುಗಳ ಅನುಕೂಲವನ್ನು ಸೊಗಸಾಗಿ ವಿವರಿಸುತ್ತಾರೆ. ಜೋಡಣೆಯ ಮೂಲಕ ಮೊಬೈಲಿನಿಂದ ಕಾರಿಗೆ ಏನೇನು ಹೋಗುತ್ತದೆ, ಹೋದದ್ದರಲ್ಲಿ ಯಾವುದು ಅಲ್ಲಿಯೇ ಉಳಿಯುತ್ತದೆ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಸಂಸ್ಥೆಯ ಹೆಸರಿನಲ್ಲಿ ಕಾರುಗಳನ್ನು ಇಟ್ಟುಕೊಂಡಿರುವ ಸದಸ್ಯ ಬಾಂಧವರಿಗೆ ಈ ವಿಷಯವನ್ನು ಸಾಧ್ಯವಾದಷ್ಟು ಸರಳವಾಗಿ ತಿಳಿಸುವುದು ಈ ಲೇಖನದ ಉದ್ದೇಶ.

ಕಾರ್ ಫೋನಿನ ಹಿನ್ನೆಲೆ

ಕಾರಿಗೂ ದೂರವಾಣಿಗೂ ಇರುವ ನಂಟು ಹೊಸದೇನಲ್ಲ. ಅಮೆರಿಕೆಯ ಸೇಂಟ್ ಲೂಯಿಸ್ ನಗರದಲ್ಲಿ 1946ರ ಜೂನ್ 17ರಂದು ಬೆಲ್ ಸಂಸ್ಥೆಯು ವಾಹನಗಳಿಗಾಗಿ ದೂರವಾಣಿ ಸೇವೆಯನ್ನು ಆರಂಭಿಸಿತು. ಆಗಿನ ಉಪಕರಣದ ತೂಕ ಸುಮಾರು 36 ಕಿಲೋಗ್ರಾಂ. ಕೈಯಲ್ಲಿ ಹಿಡಿದು ಮಾತನಾಡುವ ಮೊಬೈಲಿನ ಮೊದಲ ಕರೆಯನ್ನು ಮೊಟೊರೋಲಾದ ಮಾರ್ಟಿನ್ ಕೂಪರ್ ಮಾಡಿದ್ದು 1973ರ ಏಪ್ರಿಲ್ 3ರಂದು. ಅಂದರೆ ದೂರವಾಣಿಯು ಮನುಷ್ಯನ ಜೇಬಿಗೆ ಬರುವುದಕ್ಕೆ ಬಹಳ ಮೊದಲೇ ಕಾರಿಗೆ ಬಂದಿತ್ತು. ನಮ್ಮ ದೇಶದಲ್ಲಿ ಮೊಬೈಲ್ ಸೇವೆ 1995ರ ಜುಲೈ 31ರಂದು ಆರಂಭವಾಯಿತು. ಒಳಬರುವ ಕರೆಗೂ ಹಣ ತೆರಬೇಕಾಗಿದ್ದ ಆ ದಿನಗಳಲ್ಲಿ ಕಾರಿನೊಳಗೆ ಮೊಬೈಲ್ ಇರಿಸಲು ತೊಟ್ಟಿಲಿನಂಥ ಹಿಡಿಕೆ, ಹೊರಗೆ ಚಿಕ್ಕದೊಂದು ಆ್ಯಂಟೆನಾ, ಕರೆ ಬಂದಾಗ ರೇಡಿಯೋ ತಾನಾಗಿ ಸುಮ್ಮನಾಗುವಂತೆ ಎಳೆದ ತಂತಿ, ಇವಿಷ್ಟು ಇದ್ದರೆ ಅದೊಂದು ಪ್ರತಿಷ್ಠೆಯ ವಿಷಯವಾಗಿತ್ತು.

ತಂತಿಯ ತೊಡಕನ್ನು ನಿವಾರಿಸಿದ್ದು ಬ್ಲೂಟೂತ್. ಎರಿಕ್ಸನ್, ಐಬಿಎಂ, ಇಂಟೆಲ್, ನೋಕಿಯಾ ಮತ್ತು ತೋಷಿಬಾ ಸಂಸ್ಥೆಗಳು 1998ರಲ್ಲಿ ಒಂದುಗೂಡಿ ರೂಪಿಸಿದ ಈ ಮಾನದಂಡವು 2.4 ಗಿಗಾಹರ್ಟ್ಸ್ ತರಂಗಗಳನ್ನು ಬಳಸಿಕೊಂಡು ಹತ್ತು ಮೀಟರಿನ ಆಸುಪಾಸಿನಲ್ಲಿರುವ ಉಪಕರಣಗಳನ್ನು ಬೆಸೆಯುತ್ತದೆ. 2000ದ ದಶಕದಲ್ಲಿ ನೋಕಿಯಾ 616ರಂಥ ಕಾರ್ ಫೋನುಗಳು ಇದರ ಮೂಲಕ ಒಂದು ವಿಶೇಷ ಸೌಲಭ್ಯವನ್ನು ಒದಗಿಸಿದವು. ಜೇಬಿನಲ್ಲಿರುವ ಮೊಬೈಲಿನ ಸಿಮ್ ಕಾರ್ಡಿನ ಮಾಹಿತಿಯನ್ನು ಕಾರ್ ಫೋನು ಎರವಲು ಪಡೆದು, ತನ್ನದೇ ಆ್ಯಂಟೆನಾದ ಮೂಲಕ ಅದೇ ಸಂಖ್ಯೆಯಿಂದ ಕರೆ ಮಾಡುತ್ತಿತ್ತು. ಅಷ್ಟು ಹೊತ್ತು ಜೇಬಿನ ಮೊಬೈಲು ಜಾಲದಿಂದ ದೂರವಿದ್ದು ವಿಶ್ರಾಂತಿ ಪಡೆಯುತ್ತಿತ್ತು. ತಾಂತ್ರಿಕವಾಗಿ ಇದು ಉತ್ತಮ ಏರ್ಪಾಡೇ ಆಗಿತ್ತು. ಆದರೆ ಐಫೋನ್ ಇದನ್ನು ಬೆಂಬಲಿಸಲಿಲ್ಲ; ಸ್ಮಾರ್ಟ್‌ಫೋನುಗಳ ಪ್ರವಾಹದಲ್ಲಿ ಕಾರ್ ಫೋನೆಂಬ ಪ್ರತ್ಯೇಕ ವಸ್ತುವೇ ಮಾರುಕಟ್ಟೆಯಿಂದ ಮರೆಯಾಯಿತು. ಅದು ಬೇರೊಂದು ರೂಪದಲ್ಲಿ ಮರಳಿರುವುದನ್ನು ಮುಂದೆ ನೋಡೋಣ.

ಜೋಡಣೆಯಲ್ಲಿ ಏನೇನು ಅಡಗಿದೆ

ನಾವು ಒಂದೇ ಮಾತಿನಲ್ಲಿ 'ಬ್ಲೂಟೂತ್ ಜೋಡಣೆ' ಎನ್ನುತ್ತೇವಾದರೂ ಅದರೊಳಗೆ ಹಲವು ಬೇರೆ ಬೇರೆ ಒಪ್ಪಂದಗಳಿರುತ್ತವೆ. ತಂತ್ರಜ್ಞರು ಇವುಗಳನ್ನು ಪ್ರೊಫೈಲುಗಳೆಂದು ಕರೆಯುತ್ತಾರೆ. ಕರೆಯ ಧ್ವನಿಯನ್ನು ಕಾರಿನ ಸ್ಪೀಕರಿಗೂ ಮೈಕಿಗೂ ಒಯ್ಯುವುದು ಒಂದು ಪ್ರೊಫೈಲ್, ಸಂಗೀತವನ್ನು ಒಯ್ಯುವುದು ಇನ್ನೊಂದು, ಹಾಡು ಬದಲಿಸುವ ಗುಂಡಿಗೆ ಮತ್ತೊಂದು. ಇವು ನಿರಪಾಯಕಾರಿ; ಏಕೆಂದರೆ ಧ್ವನಿ ಹರಿದು ಹೋಗುತ್ತದೆ, ಕಾರಿನಲ್ಲಿ ಸಂಗ್ರಹವಾಗುವುದಿಲ್ಲ.

ವರ್ತಕನಿಗೆ ಮುಖ್ಯವಾದವು ಉಳಿದ ಎರಡು. ಮೊದಲನೆಯದು ಮೊಬೈಲಿನ ವಿಳಾಸಪುಸ್ತಕವನ್ನೂ ಬಂದ, ಹೋದ, ತಪ್ಪಿದ ಕರೆಗಳ ಪಟ್ಟಿಯನ್ನೂ ಕಾರಿಗೆ ತಲುಪಿಸುತ್ತದೆ. ಎರಡನೆಯದು ಸಂದೇಶಗಳನ್ನು ತಲುಪಿಸುತ್ತದೆ. 'ಮನೆಗೆ ಕರೆ ಮಾಡು' ಎಂದೊಡನೆ ಕಾರು ಕರೆ ಮಾಡುವುದೂ, ಕರೆ ಬಂದಾಗ ಸಂಖ್ಯೆಯ ಬದಲು ಹೆಸರು ಕಾಣುವುದೂ ಕಾರಿನ ಬಳಿ ನಿಮ್ಮ ವಿಳಾಸಪುಸ್ತಕದ ನಕಲು ಇರುವ ಕಾರಣದಿಂದಲೇ. ಹೀಗೆ ನಕಲಾದ ಪಟ್ಟಿಯು ಸಾಮಾನ್ಯವಾಗಿ ಆಯಾ ಮೊಬೈಲು ಮತ್ತೆ ಜೋಡಣೆಯಾದಾಗ ಮಾತ್ರ ಪರದೆಯ ಮೇಲೆ ಕಾಣಿಸುತ್ತದೆ. ಮೊಬೈಲು ದೂರ ಹೋದೊಡನೆ ಪಟ್ಟಿ ಕಣ್ಮರೆಯಾಗುವುದರಿಂದ ಅದು ಅಳಿಸಿಹೋಯಿತೆಂದು ನಾವು ಭಾವಿಸುತ್ತೇವೆ. ಹಲವು ಘಟಕಗಳಲ್ಲಿ ಅದು ಸ್ಮೃತಿಕೋಶದಲ್ಲಿ ಹಾಗೆಯೇ ಉಳಿದಿರುತ್ತದೆ.

ಜೋಡಿಸುವ ವಿಧಾನದ ಬಗ್ಗೆಯೂ ಒಂದು ಮಾತು ಹೇಳಬೇಕು. ಹಳೆಯ ಉಪಕರಣಗಳಲ್ಲಿ 0000 ಅಥವಾ 1234 ಎಂಬ ಗುಪ್ತಸಂಖ್ಯೆ ಕೊಟ್ಟರೆ ಸಾಕಾಗುತ್ತಿತ್ತು; ಅದು ಎಲ್ಲರಿಗೂ ತಿಳಿದ ಗುಟ್ಟು. 2007ರಲ್ಲಿ ಬಂದ 2.1ನೆಯ ಆವೃತ್ತಿಯಿಂದ ಎರಡೂ ಪರದೆಗಳ ಮೇಲೆ ಆರು ಅಂಕಿಗಳ ಸಂಖ್ಯೆ ಮೂಡಿ, ಅವು ಒಂದೇ ಆಗಿವೆಯೆಂದು ನಾವು ಖಚಿತಪಡಿಸುವ ಪದ್ಧತಿ ಜಾರಿಗೆ ಬಂದಿತು. ಆಗಲೇ ಮೊಬೈಲು ಇನ್ನೊಂದು ಪ್ರಶ್ನೆಯನ್ನು ಕೇಳುತ್ತದೆ: ಈ ಕಾರು ನಿಮ್ಮ ಸಂಪರ್ಕ ಪಟ್ಟಿಯನ್ನೂ ಕರೆಗಳ ಇತಿಹಾಸವನ್ನೂ ನೋಡಬಹುದೇ? ಆಂಡ್ರಾಯ್ಡ್ ಮೊಬೈಲುಗಳಲ್ಲಿ ಇದು ಜೋಡಣೆಯ ವೇಳೆಯಲ್ಲಿಯೇ ಒಂದು ಚಿಕ್ಕ ಚೌಕವಾಗಿ ಕಾಣಿಸಿಕೊಳ್ಳುತ್ತದೆ. ಐಫೋನಿನಲ್ಲಿ ಬ್ಲೂಟೂತ್ ಪಟ್ಟಿಯಲ್ಲಿರುವ ಕಾರಿನ ಹೆಸರಿನ ಪಕ್ಕದ ಗುರುತನ್ನು ಒತ್ತಿದರೆ ಸಂಪರ್ಕಗಳಿಗೊಂದು, ಸೂಚನೆಗಳಿಗೊಂದು ಗುಂಡಿ ದೊರೆಯುತ್ತದೆ. ಆತುರದಲ್ಲಿ ಎಲ್ಲರೂ 'ಸರಿ' ಎಂದು ಒತ್ತುವವರೇ. ಬೇಡವೆಂದರೂ ಕರೆ ಮಾಡುವುದಕ್ಕೆ, ಸ್ವೀಕರಿಸುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಹೆಸರಿನ ಬದಲು ಸಂಖ್ಯೆ ಕಾಣಬಹುದು, ಅಷ್ಟೇ. ಬಾಡಿಗೆಯ ಕಾರಿನಲ್ಲಿ ಹಾಗೂ ಸ್ನೇಹಿತರ ಕಾರಿನಲ್ಲಿ ಬೇಡವೆಂದೇ ಒತ್ತತಕ್ಕದ್ದು.

ಕಾರಿನ ಪರದೆಯಲ್ಲಿ ಮೊಬೈಲಿನ ಮುಖ

ಆ್ಯಪಲ್ ಸಂಸ್ಥೆಯ ಕಾರ್‌ಪ್ಲೇ 2014ರಲ್ಲಿಯೂ ಗೂಗಲ್ ಸಂಸ್ಥೆಯ ಆಂಡ್ರಾಯ್ಡ್ ಆಟೋ 2015ರಲ್ಲಿಯೂ ಬಳಕೆಗೆ ಬಂದವು. ಇವುಗಳ ತತ್ತ್ವ ಬೇರೆ. ನಕ್ಷೆ, ಸಂಗೀತ, ಸಂದೇಶ ಎಲ್ಲವೂ ಮೊಬೈಲಿನಲ್ಲಿಯೇ ನಡೆಯುತ್ತವೆ. ಅದರ ಚಿತ್ರವು ಮಾತ್ರ ವಿಡಿಯೋ ರೂಪದಲ್ಲಿ ಕಾರಿನ ಪರದೆಗೆ ಬರುತ್ತದೆ. ಪರದೆಯನ್ನು ನಾವು ಬೆರಳಿನಿಂದ ಮುಟ್ಟಿದರೆ ಆ ಸ್ಪರ್ಶದ ಸುದ್ದಿ ಮೊಬೈಲಿಗೆ ಹಿಂತಿರುಗುತ್ತದೆ. ಕಾರು ಇಲ್ಲಿ ಹೆಚ್ಚೂಕಡಿಮೆ ಒಂದು ಟಿ.ವಿ. ಪೆಟ್ಟಿಗೆಯಂತೆ. ಮೊದಮೊದಲು ಯುಎಸ್‌ಬಿ ತಂತಿ ಅನಿವಾರ್ಯವಾಗಿತ್ತು. ಈಗ ಹಲವು ಕಾರುಗಳಲ್ಲಿ ತಂತಿಯಿಲ್ಲದೆಯೂ ಇದು ಸಾಧ್ಯ: ಬ್ಲೂಟೂತ್ ಪರಿಚಯ ಮಾಡಿಕೊಡುತ್ತದೆ, ಬಳಿಕ ಹೆಚ್ಚು ವೇಗದ ವೈ-ಫೈ ಕೆಲಸ ವಹಿಸಿಕೊಳ್ಳುತ್ತದೆ.

ವ್ಯವಹಾರದ ಗೋಪ್ಯತೆಯ ದೃಷ್ಟಿಯಿಂದ ಈ ಪದ್ಧತಿಯು ಹಳೆಯ ನಕಲು ಪದ್ಧತಿಗಿಂತ ಉತ್ತಮವೆಂಬುದು ನನ್ನ ಅಭಿಪ್ರಾಯ. ಮೊಬೈಲನ್ನು ಬೇರ್ಪಡಿಸಿದರೆ ಅದರ ನಕ್ಷೆಯೂ ಹೋದ ದಾರಿಯೂ ಮೊಬೈಲಿನೊಡನೆಯೇ ಹೊರಟುಹೋಗುತ್ತವೆ. ಆದುದರಿಂದ ಕಾರಿನದೇ ಆದ ನಕ್ಷೆಯಲ್ಲಿ ಗೋದಾಮು, ಪೂರೈಕೆದಾರರ ವಿಳಾಸಗಳನ್ನು ಉಳಿಸುವುದಕ್ಕಿಂತ ಮೊಬೈಲಿನ ನಕ್ಷೆಯನ್ನು ಪರದೆಗೆ ತರುವುದು ಲೇಸು. ಆದರೆ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಆಂಡ್ರಾಯ್ಡ್ ಆಟೋದಲ್ಲಿ ಕರೆಯ ಧ್ವನಿಯು ಈಗಲೂ ಬ್ಲೂಟೂತ್ ಮೂಲಕವೇ ಸಾಗುತ್ತದೆ. ಹಾಗಾಗಿ ಮೇಲೆ ಹೇಳಿದ ವಿಳಾಸಪುಸ್ತಕದ ಒಪ್ಪಂದವು ಪಕ್ಕದಲ್ಲಿಯೇ ತೆರೆದಿರಬಹುದು. ಪರದೆ ಮೊಬೈಲಿನದು, ಆದುದರಿಂದ ಕಾರಿಗೇನೂ ಹೋಗಿಲ್ಲವೆಂದು ತಿಳಿಯುವುದು ತಪ್ಪಾಗುತ್ತದೆ.

ಎಲ್ಲ ತಯಾರಕರೂ ಈ ಪದ್ಧತಿಯನ್ನು ಒಪ್ಪಿಲ್ಲ. ಅಮೆರಿಕೆಯ ಜನರಲ್ ಮೋಟರ್ಸ್ ತನ್ನ ಮುಂಬರುವ ವಿದ್ಯುತ್ ಕಾರುಗಳಲ್ಲಿ ಇವೆರಡನ್ನೂ ಕೈಬಿಡುವುದಾಗಿ 2023ರಲ್ಲಿ ಪ್ರಕಟಿಸಿತು. ಪರದೆ ಯಾರದೋ ಗ್ರಾಹಕನೂ ಅವರವನೇ ಎಂಬ ಲೆಕ್ಕಾಚಾರ ಇದರ ಹಿಂದಿರುವುದನ್ನು ವ್ಯಾಪಾರಸ್ಥರಾದ ನಮಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಅಂದಹಾಗೆ, ಬಾಷ್, ಹರ್ಮನ್, ಮರ್ಸಿಡಿಸ್-ಬೆಂಜ್ ಮೊದಲಾದ ಸಂಸ್ಥೆಗಳ ವಾಹನ ತಂತ್ರಾಂಶ ಅಭಿವೃದ್ಧಿ ಕೇಂದ್ರಗಳು ನಮ್ಮ ಬೆಂಗಳೂರಿನಲ್ಲಿವೆ.

ಕಾರಿಗೇ ಸಿಮ್

ಮರೆಯಾಗಿದ್ದ ಕಾರ್ ಫೋನು ಮರಳಿ ಬಂದಿರುವುದು ಇಲ್ಲಿ. 2019ರಲ್ಲಿ ನಮ್ಮ ಮಾರುಕಟ್ಟೆಗೆ ಬಂದ ಹ್ಯುಂಡೈ ವೆನ್ಯೂ ಮತ್ತು ಎಂಜಿ ಹೆಕ್ಟರ್ ಕಾರುಗಳಲ್ಲಿ ತಯಾರಕರೇ ಸಿಮ್ ಅಳವಡಿಸಿ, ಮಾಲೀಕನ ಮೊಬೈಲಿಗೊಂದು ಆ್ಯಪ್ ಕೊಟ್ಟರು. ಆ ಬಳಿಕ ಅನೇಕ ತಯಾರಕರು ಇದೇ ಹಾದಿ ಹಿಡಿದಿದ್ದಾರೆ. ಕಾರು ಎಲ್ಲಿದೆ, ಬಾಗಿಲು ಹಾಕಿದೆಯೇ, ಇಂಧನ ಎಷ್ಟಿದೆ ಎಂಬುದನ್ನು ಊರಾಚೆಯಿಂದಲೂ ನೋಡಬಹುದು. ಕೆಲವು ಮಾದರಿಗಳಲ್ಲಿ ಬೀಗ ತೆಗೆಯಲೂಬಹುದು, ಹವಾನಿಯಂತ್ರಣವನ್ನು ಚಾಲೂ ಮಾಡಲೂಬಹುದು. ಚಾಲಕರನ್ನು ನೇಮಿಸಿಕೊಂಡಿರುವ ಸಂಸ್ಥೆಗಳಿಗೆ ಇದರಿಂದ ಪ್ರಯೋಜನವಿರುವುದು ನಿಜ.

ಇಲ್ಲಿ ಅಪಾಯದ ದಿಕ್ಕು ತಿರುಗುಮುರುಗಾಗುತ್ತದೆ. ಬ್ಲೂಟೂತಿನಲ್ಲಿ ಹಳೆಯ ಮಾಲೀಕನ ಮಾಹಿತಿ ಹೊಸಬನಿಗೆ ಸಿಗುತ್ತದೆ. ಆ್ಯಪಿನಲ್ಲಿ ಹೊಸಬನ ಕಾರು ಹಳಬನ ಕೈಯಲ್ಲಿ ಉಳಿಯುತ್ತದೆ. ಐಬಿಎಂ ಸಂಸ್ಥೆಯ ಭದ್ರತಾ ತಜ್ಞ ಚಾರ್ಲ್ಸ್ ಹೆಂಡರ್ಸನ್ 2017ರಲ್ಲಿ ತಮ್ಮ ಅನುಭವವನ್ನೇ ಬಹಿರಂಗಪಡಿಸಿದರು. ತಮ್ಮ ಹಳೆಯ ಕಾರನ್ನು ಕೊಡುವ ಮುನ್ನ ಅದರಲ್ಲಿದ್ದ ಮಾಹಿತಿಯನ್ನೆಲ್ಲ ಅವರು ಅಳಿಸಿದ್ದರು. ಆದರೂ ಆ್ಯಪಿನಲ್ಲಿ ಆ ಕಾರು ಬಹುಕಾಲ ಅವರ ಹೆಸರಿನಲ್ಲಿಯೇ ಮುಂದುವರಿದು, ಅದು ಎಲ್ಲಿದೆಯೆಂದು ನೋಡುವ, ಬೀಗ ತೆಗೆಯುವ ಅಧಿಕಾರ ಅವರಿಗೆ ಉಳಿದಿತ್ತು. ಕಾರಿನ ಸ್ಮೃತಿಯನ್ನು ಅಳಿಸುವುದು ಒಂದು ಕೆಲಸ, ತಯಾರಕರ ದಾಖಲೆಯಲ್ಲಿರುವ ಖಾತೆಯನ್ನು ಬಿಡಿಸುವುದು ಬೇರೆಯೇ ಕೆಲಸ ಎಂಬುದು ಇದರಿಂದ ಸ್ಪಷ್ಟ. ಬಳಸಿದ ಕಾರನ್ನು ಕೊಳ್ಳುವ ಸದಸ್ಯರು ಈ ಎರಡನೆಯದನ್ನು ಬರವಣಿಗೆಯಲ್ಲಿ ಕೇಳಿ ಪಡೆಯಬೇಕು.

ಉಳಿದುದು ಎಷ್ಟು?

'ಹೆಸರು, ಸಂಖ್ಯೆ ಹೋದರೆ ಏನು ಮಹಾ' ಎಂದು ಕೇಳುವವರಿದ್ದಾರೆ. ದಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯ ಅಂಕಣಕಾರ ಜೆಫ್ರಿ ಫೌಲರ್ 2019ರ ಡಿಸೆಂಬರಿನಲ್ಲಿ ತಜ್ಞರೊಬ್ಬರ ನೆರವಿನಿಂದ 2017ರ ಮಾದರಿಯ ಷೆವರ್ಲೆ ವೋಲ್ಟ್ ಕಾರಿನ ಡ್ಯಾಶ್‌ಬೋರ್ಡ್ ಬಿಚ್ಚಿಸಿ ಒಳಗಿನ ಸ್ಮೃತಿಕೋಶವನ್ನು ಓದಿಸಿದರು. ಕರೆಗಳ ವಿವರ, ವಿಳಾಸ ಹಾಗೂ ಇ-ಮೇಲ್ ಸಹಿತವಾದ ಸಂಪರ್ಕ ಪಟ್ಟಿ, ಕೆಲವರ ಭಾವಚಿತ್ರಗಳು ಕೂಡ ದೊರೆತವು. ಅದೇ ವೇಳೆ ಅವರು ಬೇರೊಂದು ಕಾರಿನಿಂದ ಕಳಚಿ ಅಂತರ್ಜಾಲದಲ್ಲಿ ಮಾರಾಟಕ್ಕಿಟ್ಟಿದ್ದ ಘಟಕವೊಂದನ್ನು ಕೊಂಡು ನೋಡಿದಾಗ, ತಮಗೆ ಪರಿಚಯವೇ ಇಲ್ಲದ ವ್ಯಕ್ತಿಯೊಬ್ಬರ ದಿನಚರಿಯನ್ನೇ ಓದುವಷ್ಟು ಮಾಹಿತಿ ಅದರಲ್ಲಿತ್ತು. ಕಾರಿನ ಸ್ಮೃತಿಯಿಂದ ಇಂಥ ವಿವರ ಹೊರತೆಗೆಯುವ ಸಲಕರಣೆಗಳನ್ನು ಅಪರಾಧ ತನಿಖೆಗಾಗಿ ಮಾರುವ ಬರ್ಲಾ ಎಂಬ ಸಂಸ್ಥೆಯೇ ಅಮೆರಿಕೆಯಲ್ಲಿದೆ. ಮೊಜಿಲ್ಲಾ ಪ್ರತಿಷ್ಠಾನವು 2023ರಲ್ಲಿ 25 ಕಾರು ಬ್ರ್ಯಾಂಡುಗಳ ಗೋಪ್ಯತಾ ನೀತಿಯನ್ನು ಪರಿಶೀಲಿಸಿ, ಒಂದನ್ನೂ ತೇರ್ಗಡೆ ಮಾಡಲಿಲ್ಲ.

ನನ್ನ ವೃತ್ತಿಯನ್ನೇ ತೆಗೆದುಕೊಳ್ಳೋಣ. ನನ್ನ ಮೊಬೈಲಿನ ವಿಳಾಸಪುಸ್ತಕ ಎಂದರೆ ನನ್ನ ಕಕ್ಷಿದಾರರ ಪಟ್ಟಿ. ವೃತ್ತಿಯ ಸಂದರ್ಭದಲ್ಲಿ ತಿಳಿದ ಮಾಹಿತಿಯನ್ನು ಕಕ್ಷಿದಾರರ ಸಮ್ಮತಿಯಿಲ್ಲದೆ ಇತರರಿಗೆ ತಿಳಿಸುವುದು 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಅಧಿನಿಯಮದ ಪ್ರಕಾರ ದುರ್ನಡತೆಯಾಗುತ್ತದೆ. ತೆರಿಗೆ ಶೋಧಕ್ಕೆ ಒಳಗಾದ ವಾರದಲ್ಲಿ ಯಾವ ಕಕ್ಷಿದಾರರು ನನಗೆ ಹದಿನೈದು ಬಾರಿ ಕರೆ ಮಾಡಿದ್ದಾರೆಂಬ ವಿವರ ಕಾರಿನ ಕರೆ ಪಟ್ಟಿಯಲ್ಲಿ ಉಳಿದಿದ್ದು, ಆ ಕಾರನ್ನು ನಾನು ವಿನಿಮಯಕ್ಕೆ ಕೊಟ್ಟುಬಿಟ್ಟರೆ? ಉದ್ದೇಶಪೂರ್ವಕವಾಗಿ ತಿಳಿಸಿದೆನೆಂದು ಯಾರೂ ಹೇಳಲಾರರು. ಕಾಪಾಡಿದೆನೆಂದು ನಾನೂ ಹೇಳಲಾರೆ. ವರ್ತಕರ ಪಾಲಿಗೆ ಪೂರೈಕೆದಾರರ, ದಲ್ಲಾಳಿಗಳ, ದೊಡ್ಡ ಗಿರಾಕಿಗಳ ಪಟ್ಟಿಗೆ ಇರುವ ಬೆಲೆ ಇದಕ್ಕಿಂತ ಕಡಿಮೆಯೇನಲ್ಲ.

ಕಾರನ್ನು ಮಾರದೆಯೂ ಗುಟ್ಟು ಹೊರಬೀಳಬಹುದು. ನಮ್ಮ ಕಕ್ಷಿದಾರರೊಬ್ಬರು ತಮ್ಮ ಕಚ್ಚಾಮಾಲಿನ ಪೂರೈಕೆದಾರರೊಡನೆ ಪೀಣ್ಯದಿಂದ ದಾಬಸ್‌ಪೇಟೆಗೆ ಹೊರಟಿದ್ದರು. ಇಬ್ಬರೂ ಹಿಂದಿನ ಆಸನದಲ್ಲಿದ್ದರು. ಬ್ಯಾಂಕಿನಿಂದ ಕರೆ ಬಂದಿತು. ಅವರು ಎಂದಿನಂತೆ ಮೊಬೈಲನ್ನು ಕಿವಿಗೆ ಹಿಡಿದರು. ಧ್ವನಿ ಬಂದದ್ದು ಮಾತ್ರ ಕಾರಿನ ನಾಲ್ಕೂ ಸ್ಪೀಕರುಗಳಿಂದ: ಖಾತೆಯು ಮಿತಿಯನ್ನು ಮೀರಿದೆ, ಸೋಮವಾರದೊಳಗೆ ಸರಿಪಡಿಸದಿದ್ದರೆ ಚೆಕ್ಕುಗಳನ್ನು ಹಿಂತಿರುಗಿಸಬೇಕಾಗುತ್ತದೆ. ಅವರು ಗಡಿಬಿಡಿಯಿಂದ ಕರೆಯನ್ನು ಕತ್ತರಿಸುವಷ್ಟರಲ್ಲಿ ಹೇಳಬೇಕಾದುದೆಲ್ಲವನ್ನೂ ಬ್ಯಾಂಕಿನವರು ಹೇಳಿ ಮುಗಿಸಿದ್ದರು. ಅಲ್ಲಿಯವರೆಗೆ 45 ದಿನಗಳ ಉದ್ದರಿ ಕೊಡುತ್ತಿದ್ದ ಆ ಪೂರೈಕೆದಾರರು ಮುಂದಿನ ಆರ್ಡರಿಗೆ ಅರ್ಧ ಹಣ ಮುಂಗಡ ಕೇಳಿದರು. ಕಾರಿಗೆ ಜೋಡಣೆಯಾದ ಹಲವು ಮೊಬೈಲುಗಳು, ಕರೆಯನ್ನು ಕೈಯಲ್ಲಿ ಸ್ವೀಕರಿಸಿದರೂ ಧ್ವನಿಯನ್ನು ಕಾರಿಗೇ ಕಳುಹಿಸುತ್ತವೆ. ಕರೆಯ ವೇಳೆ ಪರದೆಯ ಮೇಲೆ ಕಾಣುವ ಸ್ಪೀಕರಿನ ಗುರುತನ್ನು ಒತ್ತಿ ಮೊಬೈಲನ್ನು ಆಯ್ದುಕೊಳ್ಳಬಹುದು. ಅದಕ್ಕಿಂತ ಸುಲಭವೆಂದರೆ, ಜೊತೆಯಲ್ಲಿ ಯಾರಾದರೂ ಇದ್ದಾಗ ಬ್ಲೂಟೂತ್ ಆರಿಸಿಬಿಡುವುದು. ಚಾಲಕರಿರುವ ಕಾರಿನಲ್ಲಿ ದಾರಿ ತೋರಿಸಲು ಚಾಲಕರ ಮೊಬೈಲನ್ನೇ ಜೋಡಿಸಿ, ಮಾಲೀಕರ ಮೊಬೈಲನ್ನು ಜೋಡಿಸದೆ ಬಿಡುವ ಪದ್ಧತಿಯನ್ನು ಆ ಕಕ್ಷಿದಾರರು ಈಗ ಅನುಸರಿಸುತ್ತಿದ್ದಾರೆ.

ಕಾನೂನಿನ ಅಂಶಗಳು

ಮೋಟಾರು ವಾಹನ ಅಧಿನಿಯಮದ 184ನೆಯ ಪ್ರಕರಣಕ್ಕೆ 2019ರಲ್ಲಿ ಮಾಡಲಾದ ತಿದ್ದುಪಡಿಯು ಆ ವರ್ಷದ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದು, ವಾಹನ ಚಲಾಯಿಸುತ್ತ ಕೈಯಲ್ಲಿ ಹಿಡಿದು ಬಳಸುವ ಸಂಪರ್ಕ ಸಾಧನವನ್ನು ಉಪಯೋಗಿಸುವುದನ್ನು ಅಪಾಯಕಾರಿ ಚಾಲನೆಯ ವ್ಯಾಖ್ಯೆಗೆ ಸೇರಿಸಿತು. ಮೊದಲ ಅಪರಾಧಕ್ಕೆ ಆರು ತಿಂಗಳಿಗೆ ಕಡಿಮೆಯಿಲ್ಲದೆ ಒಂದು ವರ್ಷದವರೆಗಿನ ಸೆರೆವಾಸ, ಅಥವಾ 1,000ದಿಂದ 5,000 ರೂಪಾಯಿಗಳವರೆಗೆ ದಂಡ, ಅಥವಾ ಎರಡೂ. ಮೂರು ವರ್ಷಗಳೊಳಗೆ ಮರುಕಳಿಸಿದರೆ ಎರಡು ವರ್ಷಗಳವರೆಗೆ ಸೆರೆವಾಸ, ಅಥವಾ 10,000 ರೂಪಾಯಿ ದಂಡ, ಅಥವಾ ಎರಡೂ. 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ನಿಯಮವು, ಚಾಲಕನ ಏಕಾಗ್ರತೆಗೆ ಭಂಗ ಬಾರದ ರೀತಿಯಲ್ಲಿ ದಾರಿ ನೋಡಲು ಮಾತ್ರ ಇಂಥ ಸಾಧನವನ್ನು ಬಳಸಬಹುದೆಂದು ಹೇಳಿದೆ. ಕಾರಿನ ಸ್ಪೀಕರಿನ ಮೂಲಕ ಮಾತನಾಡುವಾಗ ಕೈ ಬಿಡುವಾಗಿರುತ್ತದೆ, ಮನಸ್ಸು ಬಿಡುವಾಗಿರುವುದಿಲ್ಲ. ಸಾಲದ ಕಂತಿನ ಬಗ್ಗೆ ಮಾತನಾಡುತ್ತ ತುಮಕೂರು ರಸ್ತೆಯಲ್ಲಿ ಕಾರು ಓಡಿಸಬಾರದೆಂಬುದಕ್ಕೆ ಕಾನೂನಿನ ಆಧಾರ ಬೇಕಾಗಿಲ್ಲ.

ಇನ್ನೊಂದು, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ. ಇದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಮುಖ್ಯ ಹೊಣೆಗಾರಿಕೆಗಳು ಅಲ್ಲಿಂದ 18 ತಿಂಗಳ ಬಳಿಕ ಜಾರಿಗೆ ಬರುವಂತೆ ಅವಕಾಶ ಕೊಡಲಾಗಿದೆ. ವ್ಯಕ್ತಿಯೊಬ್ಬ ಸ್ವಂತ ಅಥವಾ ಮನೆಯ ಉದ್ದೇಶಕ್ಕಾಗಿ ಇಟ್ಟುಕೊಂಡ ಮಾಹಿತಿಗೆ ಈ ಕಾನೂನು ಅನ್ವಯಿಸುವುದಿಲ್ಲ. ಆದರೆ ಸಂಸ್ಥೆಯ ಮೊಬೈಲಿನಲ್ಲಿರುವ ಗಿರಾಕಿಗಳ, ನೌಕರರ ಹೆಸರು, ಸಂಖ್ಯೆ, ವಿಳಾಸಗಳಿಗೆ ಆ ವಿನಾಯಿತಿ ದೊರೆಯಲಾರದು. ಸಮಂಜಸವಾದ ಭದ್ರತಾ ಕ್ರಮಗಳನ್ನು ಕೈಗೊಳ್ಳದೆ ಮಾಹಿತಿ ಸೋರಿಹೋದರೆ ವಿಧಿಸಬಹುದಾದ ದಂಡದ ಗರಿಷ್ಠ ಮಿತಿ 250 ಕೋಟಿ ರೂಪಾಯಿ. ಒಂದು ಕಾರಿನ ವಿಳಾಸಪುಸ್ತಕಕ್ಕಾಗಿ ಇಷ್ಟು ದಂಡ ಬೀಳುತ್ತದೆಂದು ಹೆದರಿಸುವುದು ನನ್ನ ಉದ್ದೇಶವಲ್ಲ. ಮಾಹಿತಿ ಎಲ್ಲೆಲ್ಲಿ ಇದೆಯೆಂದು ಸಂಸ್ಥೆಯು ಪಟ್ಟಿ ಮಾಡುವಾಗ ಗಣಕಯಂತ್ರ, ಮೊಬೈಲುಗಳ ಜೊತೆಗೆ ಕಾರನ್ನೂ ಬರೆದುಕೊಳ್ಳಬೇಕೆಂಬುದಷ್ಟೇ ನನ್ನ ಸೂಚನೆ.

ಕಾರನ್ನು ವಿಲೇವಾರಿ ಮಾಡುವಾಗ

ಸಂಸ್ಥೆಯ ಕಾರನ್ನು ಮಾರುವಾಗ ನಮ್ಮ ಗಮನವೆಲ್ಲ ತೆರಿಗೆಯ ಮೇಲಿರುತ್ತದೆ. 2025ರ ಜನವರಿ 16ರಿಂದ ಬಳಸಿದ ಎಲ್ಲ ಬಗೆಯ ಕಾರುಗಳ ಮೇಲೂ, ವಿದ್ಯುತ್ ಕಾರುಗಳೂ ಸೇರಿದಂತೆ, ಲಾಭಾಂಶದ ಮೇಲೆ ಶೇ. 18 ಜಿಎಸ್‌ಟಿ ವಿಧಿಸಲಾಗುತ್ತಿದೆ. ಖರೀದಿಯ ಮೇಲಿನ ತೆರಿಗೆಯ ಜಮೆಯನ್ನು ಪಡೆದಿರಬಾರದೆಂಬುದು ಷರತ್ತು. ಆದಾಯ ತೆರಿಗೆ ಕಾನೂನಿನಡಿ ಸವಕಳಿ ಪಡೆದಿದ್ದರೆ ಮಾರಾಟದ ಬೆಲೆಯಿಂದ ಸವಕಳಿ ಕಳೆದ ಬೆಲೆಯನ್ನು ತೆಗೆದು ಲಾಭಾಂಶವನ್ನು ಲೆಕ್ಕ ಹಾಕಬೇಕು. 12,00,000 ರೂಪಾಯಿಗೆ ಕೊಂಡ ಕಾರು ಶೇ. 15ರಂತೆ ಮೂರು ವರ್ಷಗಳ ಪೂರ್ಣ ಸವಕಳಿಯ ಬಳಿಕ 7,36,950 ರೂಪಾಯಿಗೆ ಇಳಿಯುತ್ತದೆ. 8,00,000ಕ್ಕೆ ಮಾರಿದರೆ ಲಾಭಾಂಶ 63,050, ತೆರಿಗೆ 11,349 ರೂಪಾಯಿ. 7,00,000ಕ್ಕೆ ಮಾರಿದರೆ ಲಾಭಾಂಶವೇ ಇಲ್ಲದುದರಿಂದ ತೆರಿಗೆಯೂ ಇಲ್ಲ. ಈ 11,349 ರೂಪಾಯಿಗಾಗಿ ಸದಸ್ಯರು ನನಗೆ ಮೂರು ಬಾರಿ ದೂರವಾಣಿ ಮಾಡುತ್ತಾರೆ. ಹತ್ತು ವರ್ಷಗಳಲ್ಲಿ ಕಟ್ಟಿದ ಗಿರಾಕಿಗಳ ಪಟ್ಟಿಯ ವಿಷಯವಾಗಿ ಇದುವರೆಗೆ ಯಾರೂ ಕೇಳಿಲ್ಲ.

ಆದುದರಿಂದ ನಮ್ಮ ಕಚೇರಿಯಲ್ಲಿ ಕಕ್ಷಿದಾರರಿಗೆ ಕೊಡುವ ವಾಹನ ವಿಲೇವಾರಿ ನಮೂನೆಯನ್ನು ಕಳೆದ ವರ್ಷ ಪರಿಷ್ಕರಿಸಿದೆವು. ನೋಂದಣಿ ವರ್ಗಾವಣೆಯ 29 ಮತ್ತು 30ನೆಯ ನಮೂನೆ, ವಿಮೆ, ಫಾಸ್ಟ್‌ಟ್ಯಾಗ್ ಮುಚ್ಚಿದ ವಿವರ ಇವುಗಳ ಕೆಳಗೆ ಹೊಸ ಸಾಲುಗಳನ್ನು ಸೇರಿಸಿದ್ದೇವೆ. ಕಾರಿನ ಪರದೆಯಲ್ಲಿ ಜೋಡಣೆಯಾದ ಪ್ರತಿಯೊಂದು ಮೊಬೈಲನ್ನೂ ಅಳಿಸಬೇಕು. ನಕ್ಷೆಯಲ್ಲಿ ಮನೆ, ಕಚೇರಿ ಎಂದು ಉಳಿಸಿದ ವಿಳಾಸಗಳನ್ನೂ ಹಿಂದಿನ ಪ್ರಯಾಣಗಳನ್ನೂ ತೆಗೆಯಬೇಕು. ಬಳಿಕ ಘಟಕವನ್ನು ಕಾರ್ಖಾನೆಯಿಂದ ಬಂದ ಸ್ಥಿತಿಗೆ ಮರಳಿಸಬೇಕು; ಇದಕ್ಕೆ ಬೇಕಾದ ಆಯ್ಕೆ ಸಾಮಾನ್ಯವಾಗಿ ಸೆಟ್ಟಿಂಗ್ಸ್ ಪಟ್ಟಿಯ ಕೊನೆಯಲ್ಲಿರುತ್ತದೆ, ಕಾರಿನ ಕೈಪಿಡಿಯಲ್ಲಿಯೂ ವಿವರವಿರುತ್ತದೆ. ಮೊಬೈಲಿನ ಕಡೆಯಿಂದಲೂ ಕಾರನ್ನು ಮರೆಸಬೇಕು: ಬ್ಲೂಟೂತ್ ಪಟ್ಟಿಯಲ್ಲಿ ಒಮ್ಮೆ, ಕಾರ್‌ಪ್ಲೇ ಅಥವಾ ಆಂಡ್ರಾಯ್ಡ್ ಆಟೋ ಪಟ್ಟಿಯಲ್ಲಿ ಇನ್ನೊಮ್ಮೆ. ತಯಾರಕರ ಆ್ಯಪ್ ಇದ್ದರೆ ಅದರಿಂದ ಕಾರನ್ನು ಬಿಡಿಸಿ, ಮೊಬೈಲನ್ನೇ ಕೀಲಿಯಾಗಿ ಬಳಸುತ್ತಿದ್ದರೆ ಆ ಕೀಲಿಯನ್ನೂ ರದ್ದುಪಡಿಸಿ, ತಯಾರಕರಿಂದ ದೃಢೀಕರಣದ ಇ-ಮೇಲ್ ಪಡೆಯಬೇಕು. ಇವಿಷ್ಟಕ್ಕೆ ಅರ್ಧ ಗಂಟೆ ಸಾಕು. ಕೆಲಸವನ್ನು ವಿತರಕರ ಸಿಬ್ಬಂದಿಗೆ ಬಿಡದೆ, ಕೀಲಿಕೈ ಕೊಡುವ ಮುನ್ನ ನಮ್ಮವರೇ ಮಾಡಿ ಮುಗಿಸಬೇಕು.

ಅಪಘಾತದಲ್ಲಿ ಪೂರ್ಣ ಜಖಂಗೊಂಡ ಕಾರಿನ ವಿಷಯವನ್ನು ನಾವು ಮೊದಲು ಮರೆತಿದ್ದೆವು. ವಿಮಾ ಸಂಸ್ಥೆಯ ಮೂಲಕ ಗುಜರಿಗೆ ಹೋಗುವ ಅಂಥ ಕಾರಿನಿಂದ ಮೊದಲು ಕಳಚಿ ಮಾರಾಟವಾಗುವ ಬಿಡಿಭಾಗಗಳಲ್ಲಿ ಡ್ಯಾಶ್‌ಬೋರ್ಡಿನ ಘಟಕವೂ ಒಂದು. ವಿದ್ಯುತ್ ಸಂಪರ್ಕ ಉಳಿದಿದ್ದರೆ ಗ್ಯಾರೇಜಿನಲ್ಲಿಯೇ ಪರದೆಯನ್ನು ಚಾಲೂ ಮಾಡಿಸಿ ಅಳಿಸಿಸಬಹುದು. ಉಳಿದಿಲ್ಲವಾದರೆ ಸಮೀಕ್ಷಕರ ಒಪ್ಪಿಗೆ ಪಡೆದು ಘಟಕವನ್ನು ಬಿಚ್ಚಿಸಿಟ್ಟುಕೊಂಡು, ಅದರ ಬೆಲೆಯನ್ನು ಗುಜರಿ ಮೌಲ್ಯದಿಂದ ಕಳೆಯುವಂತೆ ಕೋರಬಹುದು. ಕಳೆದ ಆರ್ಥಿಕ ವರ್ಷದಲ್ಲಿ ನಮ್ಮ ಕಕ್ಷಿದಾರರೊಬ್ಬರು ಹೀಗೆಯೇ ಮಾಡಿದರು. ಆ ಘಟಕ ಈಗ ಅವರ ಕಚೇರಿಯ ಬೀರುವಿನಲ್ಲಿ, ಹಳೆಯ ಲೆಕ್ಕದ ಪುಸ್ತಕಗಳ ಪಕ್ಕದಲ್ಲಿದೆ.